ಹದಿಮೂರು ಬೇಲಿಗಳ ತೀರ್ಪುಗಾರ

ನನ್ನ ತಮ್ಮ ಶಿವರಾಮ ಜೀವಮಾನದಲ್ಲಿ ಒಂದು ನಾಯಿಯನ್ನೂ ಸಾಕಿದವನಲ್ಲ. ಅವನನ್ನು ತೀರ್ಪುಗಾರನನ್ನಾಗಿ ಆರಿಸಿದ್ದು ಈ ಒಂದೇ ಅರ್ಹತೆಯ ಮೇಲೆ.

ಇದು ಎರಡು ಸಾವಿರದ ಹದಿನಾರನೆಯ ಇಸವಿಯ ಮಾತು. ನಮ್ಮ ಕೊಡಿಗೇಹಳ್ಳಿಯ ಪಕ್ಕದ ವಿಮಾನ ನಿಲ್ದಾಣದ ರಸ್ತೆಯನ್ನು ಮನುಷ್ಯರು ದಾಟುವುದೇ ಕಷ್ಟವಾಗಿತ್ತು. ಇನ್ನು ನಾಯಿಗಳ ಪಾಡು ಕೇಳಬೇಕೆ? ಹಾಗಾಗಿ ಖಾಲಿ ಸೈಟು ಇದ್ದ ಕೆಲವರು ಸುತ್ತ ಬೇಲಿ ಹಾಕಿ, ಬೆಳಗ್ಗೆ ಸಂಜೆ ಅಕ್ಕಪಕ್ಕದ ಮನೆಗಳ ನಾಯಿಗಳು ಒಳಗೆ ಬಂದು ಓಡಾಡಲು ಬಿಟ್ಟಿದ್ದರು. ಅಂಥ ಬಯಲುಗಳು ನಮ್ಮ ಕಡೆ ಹದಿಮೂರಿದ್ದವು. ಅವುಗಳಲ್ಲಿ ಅತ್ಯಂತ ಭದ್ರವಾದದ್ದಕ್ಕೆ, ಅಂದರೆ ನಾಯಿ ತಪ್ಪಿಸಿಕೊಂಡು ರಸ್ತೆಗೆ ಬೀಳಲಾಗದ ಬಯಲಿಗೆ, ಬಹುಮಾನವಾಗಿ ಒಂದು ಕಪ್ಪು ಕೊಟ್ಟು ಸಂಭ್ರಮಿಸಬೇಕೆಂದು ಪ್ರಾಣಿವೈದ್ಯೆ ಡಾಕ್ಟರ್ ಆಯೇಷಾ ಮತ್ತು ಅವರ ಶ್ವಾನಪ್ರಿಯರ ಬಳಗ ತೀರ್ಮಾನಿಸಿತು. ಆದರೆ ಬಳಗದ ಪ್ರತಿಯೊಬ್ಬರ ನಾಯಿಗೂ ಒಂದೊಂದು ಮೆಚ್ಚಿನ ಬಯಲಿತ್ತು. ಪಕ್ಷಪಾತವಿಲ್ಲದವರು ಯಾರಿದ್ದಾರೆ ಎಂದು ಹುಡುಕುವಾಗ, ಕ್ಲಿನಿಕ್ಕಿನ ಎದುರು ತನ್ನ ಪಾಡಿಗೆ ಎಳನೀರು ಕುಡಿಯುತ್ತಿದ್ದ ಶಿವರಾಮ ಡಾಕ್ಟರ ಕಣ್ಣಿಗೆ ಬಿದ್ದ.

ಶಿವರಾಮ ಮೂವತ್ತೇಳು ವರ್ಷ ಒಂದು ಆಫೀಸಿನ ರೆಕಾರ್ಡ್ ರೂಮಿನಲ್ಲಿದ್ದು ನಿವೃತ್ತನಾದವನು. ಫೈಲು ಹುಡುಕಿಕೊಟ್ಟಿದ್ದ, ಧೂಳು ಕೊಡವಿ ಕೊಟ್ಟಿದ್ದ. ಅದರೊಳಗೆ ಏನು ಬರೆಯಬೇಕೆಂದು ಮಾತ್ರ ಒಂದು ದಿನವೂ ಅವನನ್ನು ಯಾರೂ ಕೇಳಿದ್ದಿಲ್ಲ. ಅಂಥವನ ಕೈಗೆ "ಮಾನ್ಯ ತೀರ್ಪುಗಾರರಿಗೆ" ಎಂದು ಶುರುವಾಗುವ ಕಾಗದ ಬಂತು. ಅದನ್ನು ಅವನು ನಮಗೆ ಮೂರು ಸಲ ಓದಿ ಹೇಳಿದ. ಬೇಲಿ ಐದು ಅಡಿಗೆ ಕಡಿಮೆ ಇರಬಾರದು, ಕೆಳಗಿನ ಸಂದು ನಾಲ್ಕು ಬೆರಳಿಗಿಂತ ಹೆಚ್ಚಿರಬಾರದು, ಗೇಟು ಎರಡಿರಬೇಕು, ನೀರು ನೆರಳು ಇರಬೇಕು. ಹೀಗೆ ನೂರು ಅಂಕಗಳು. ಕೊನೆಯಲ್ಲಿ ದಪ್ಪಕ್ಷರದಲ್ಲಿ, "ಭಾನುವಾರ ಬೆಳಗ್ಗೆ ಹತ್ತು ಗಂಟೆಯವರೆಗೆ ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ" ಎಂದಿತ್ತು. ಮೊದಲೇ ಗೊತ್ತಾದರೆ ಸೈಟಿನವರು ಅವತ್ತೊಂದು ದಿನದ ಮಟ್ಟಿಗೆ ಸಿಂಗರಿಸಿಟ್ಟಾರು ಎಂಬುದು ಡಾಕ್ಟರ ಆಲೋಚನೆ.

ಶಿವರಾಮ ಆ ಕಾಗದವನ್ನು ದೇವರ ಮುಂದಿಟ್ಟು ಕೈಮುಗಿದು ನನ್ನ ಕಡೆ ತಿರುಗಿದ.

"ಅಕ್ಕಾ, ಇನ್ಮೇಲೆ ನೀನೂ ನನ್ನ ಏನೂ ಕೇಳ್ಬೇಡ."

"ನಾನೇನು ಕೇಳಿದೆನೋ?"

"ಕೇಳ್ಬಹುದು. ಅದಕ್ಕೇ ಹೇಳ್ತಿದ್ದೀನಿ."

ಮರುದಿನ ಅವನು ಬೀರುವಿನಿಂದ ಸಫಾರಿ ಸೂಟು ತೆಗೆದ. ಬಳಗದವರು ಕೊಟ್ಟ ಬಿಲ್ಲೆಯನ್ನು ಜೇಬಿಗೆ ಸಿಕ್ಕಿಸಿಕೊಂಡ. ಅದರಲ್ಲಿದ್ದದ್ದು ನಾಯಿಯ ಮುಖ. ಹತ್ತು ಅಡಿ ದೂರದಿಂದ ಮಾತ್ರ ಯಾವುದೋ ಇಲಾಖೆಯ ಮುದ್ರೆಯ ಹಾಗೇ ಕಾಣುತ್ತಿತ್ತು. ಮೂವತ್ತು ಮೀಟರಿನ ಅಳತೆ ಟೇಪು ತಂದ. ಐದಡಿ ಎಲ್ಲಿಗೆ ಬರುತ್ತದೆಂದು ಗುರುತಿಸಲು ಒಂದು ಡಬ್ಬಿ ಕೆಂಪು ಪೇಂಟನ್ನೂ ತಂದ.

"ಸೀಮೆಸುಣ್ಣ ಸಾಲ್ದಾ?" ಎಂದಳು ಅವನ ಹೆಂಡತಿ ಧನಲಕ್ಷ್ಮಿ.

"ಮಳೆಗೆ ತೊಳೆದುಹೋಗುತ್ತೆ ಕಣೆ. ತೀರ್ಪು ಅಂದ್ಮೇಲೆ ಅಳಿಸಿಹೋಗ್ಬಾರ್ದು."

ಇಲ್ಲಿ ಒಂದು ಮಾತು ಹೇಳಬೇಕು. ಆ ವರ್ಷದ ಮಳೆಗಾಲದಲ್ಲಿ ಬೆಂಗಳೂರಿನ ಜನಕ್ಕೆ ಅಳತೆ ಟೇಪು ಕಂಡರೆ ಚಳಿಜ್ವರ ಬರುತ್ತಿತ್ತು. ಮಳೆನೀರು ಹರಿಯುವ ರಾಜಕಾಲುವೆಯ ಮೇಲೆ ಕಟ್ಟಿದ್ದಾರೆಂದು ಸರ್ಕಾರದವರಿಂದ ಯಾರದೋ ಗೋಡೆಗೆ ಕೆಂಪು ಬಾಣ ಬೀಳುವುದು, ಅದರ ಹಿಂದೆಯೇ ಜೆಸಿಬಿ ಬರುವುದು, ಮನೆಯವರು ಕಿಟಕಿ ಬಾಗಿಲಾದರೂ ಉಳಿಯಲಿ ಎಂದು ಕಿತ್ತು ಬೀದಿಯಲ್ಲಿಟ್ಟುಕೊಂಡು ಕೂರುವುದು, ಇದನ್ನೆಲ್ಲ ನಾವು ದಿನಾ ಟೀವಿಯಲ್ಲಿ ನೋಡುತ್ತಿದ್ದೆವು. ಶಿವರಾಮನೂ ನೋಡುತ್ತಿದ್ದ, ಲೊಚಗುಟ್ಟುತ್ತಿದ್ದ. ತನ್ನ ಬಾಣವೂ ಕೆಂಪು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನಾನೇ.

ಮೊದಲನೆಯ ಬಯಲು ಮುನಿಕೃಷ್ಣಮ್ಮನದು. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನ ಮನೆ, ಅದರ ಪಕ್ಕದಲ್ಲಿ ಉಳಿದ ಒಂದಿಷ್ಟು ಜಾಗ. ಎಪ್ಪತ್ತು ದಾಟಿದ ಹೆಂಗಸು. ಹಸು ಕಟ್ಟುವುದು ಬಿಟ್ಟಮೇಲೆ ಆ ಜಾಗಕ್ಕೆ ತಂತಿಬಲೆ ಹಾಕಿಸಿ ನಾಯಿಗಳಿಗೆ ಬಿಟ್ಟಿದ್ದಳು. ದಲ್ಲಾಳಿ ರಘುನಾಥ್ ತಿಂಗಳಿಗೊಮ್ಮೆ ಸ್ವೀಟ್ ಬಾಕ್ಸ್ ಹಿಡಿದು ಬಂದು "ಮಾರಿಬಿಡಿ ಅಜ್ಜಿ" ಎನ್ನುತ್ತಿದ್ದ. ಸ್ವೀಟನ್ನು ನಾಯಿಗಳಿಗೆ ಹಂಚಿ ಅವನನ್ನು ವಾಪಸು ಕಳಿಸುತ್ತಿದ್ದಳು.

ನಾವು ಟೇಪು ಬಿಚ್ಚಿದ ಕೂಡಲೇ ಅವಳು ಹೊರಗೆ ಬಂದಳು.

"ಏನಪ್ಪಾ, ಯಾಕೆ ಇಂಗೆ ಅಳೀತಿದ್ದೀಯ?"

"ಅದನ್ನ ಹೇಳೋ ಹಾಗಿಲ್ಲಮ್ಮ. ಭಾನುವಾರ ಹತ್ತು ಗಂಟೆಗೆ ಎಲ್ಲಾ ತಿಳಿಯುತ್ತೆ."

"ಭಾನುವಾರ ಏನಾಯ್ತದೆ?"

"ಅದೂ ಹೇಳೋ ಹಾಗಿಲ್ಲ." ಶಿವರಾಮ ಪುಸ್ತಕದಲ್ಲಿ ಏನೋ ಬರೆದುಕೊಂಡ. "ಒಳಗಿರೋ ನಾಯಿಗಳನ್ನೆಲ್ಲ ಹೊರಗೆ ಸಾಗಿಸ್ಬೇಕು ಅಂದ್ರೆ ಎಷ್ಟು ಹೊತ್ತು ಬೇಕು ನಿಮಗೆ?"

ಮುನಿಕೃಷ್ಣಮ್ಮನ ಮುಖ ಸಣ್ಣಗಾಯಿತು. "ಯಾಕೆ ಸಾಗುಸ್ಬೇಕು?"

"ಫಾರಮ್ಮಲ್ಲಿದೆ. ಕೇಳ್ತಿದ್ದೀನಿ, ಅಷ್ಟೆ."

ಅವಳು ಒಳಗೆ ಹೋಗಿ, ಲೋಟವನ್ನು ಸೆರಗಿನಲ್ಲಿ ಒರೆಸಿ, ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಆಮೇಲೆ ಮೆಲ್ಲಗೆ, "ಸಾಮಿ, ನಾನು ನಲವತ್ತೈದು ವರ್ಸದಿಂದ ಇಲ್ಲೇ ಇವ್ನಿ," ಎಂದಳು.

"ಅದು ಲೆಕ್ಕಕ್ಕೆ ಬರಲ್ಲಮ್ಮ. ಅಳತೆ ಮಾತ್ರ ಬರೋದು," ಎಂದು ಶಿವರಾಮ ಬಹಳ ಮೃದುವಾಗಿ ಹೇಳಿದ. ಮಜ್ಜಿಗೆ ಕುಡಿದ. ಮೂಲೆಯ ಕಲ್ಲುಕಂಬದ ಮೇಲೆ ಐದಡಿಗೆ ಸರಿಯಾಗಿ ಕೆಂಪು ಬಾಣ ಬರೆದು, ಪಕ್ಕದಲ್ಲಿ ಒಂದು ಎಂದು ನಂಬರು ಹಾಕಿದ. ಬಣ್ಣ ಕಂಬದಿಂದ ಇಳಿದು ಹನಿಹನಿಯಾಗಿ ನೆಲಕ್ಕೆ ಬಿತ್ತು.

ಮೂರು ದಿನದಲ್ಲಿ ಹದಿಮೂರು ಬಾಣಗಳಾದವು.

ನಾಲ್ಕನೆಯ ದಿನ ಬೆಳಗ್ಗೆಯಿಂದ ನಮ್ಮ ಮನೆಗೆ ಜನ ಬರಲು ಶುರುವಾಯಿತು. ಒಬ್ಬರ ಕೈಯಲ್ಲಿ ಬಾಳೆಗೊನೆ, ಇನ್ನೊಬ್ಬರ ಕೈಯಲ್ಲಿ ಗಡಿಗೆ ಮೊಸರು, ಮತ್ತೊಬ್ಬರದು ಸೀಬೆಹಣ್ಣು. ಏಳನೆಯ ಬಯಲಿನ ಗುಲಾಮ್ ರಸೂಲ್, ವರ್ಷಗಟ್ಟಲೆ ಲಾರಿ ಓಡಿಸಿ ಈಗ ಮನೆಯಲ್ಲೇ ಇರುವ ಹಿರಿಯರು, ಬರಿಗೈಲಿ ಬಂದು ಮೆಟ್ಟಿಲ ಮೇಲೇ ನಿಂತರು.

"ಸಾರ್, ಒಂದೇ ಮಾತು. ನಮ್ದು ಉಳಿಯುತ್ತಾ, ಹೋಗುತ್ತಾ?"

ಸ್ಪರ್ಧೆಯ ಗುಟ್ಟು ಹೇಗೋ ಹೊರಗೆ ಬಿದ್ದಿದೆ ಎಂದು ಶಿವರಾಮ ಅಂದುಕೊಂಡ. ಗಂಟಲು ಸರಿಮಾಡಿಕೊಂಡು, "ನೋಡಿ, ಐದಡಿಗಿಂತ ಕಡಿಮೆ ಇರೋದೆಲ್ಲ ಹೋಗುತ್ತೆ. ನಿಯಮ," ಎಂದ.

"ನಮ್ದು ನಾಲ್ಕು ಮುಕ್ಕಾಲಿದೆ ಸಾರ್!"

"ಹಾಗಾದ್ರೆ ಕಷ್ಟ."

"ಕಾಲಡಿ ಹೆಚ್ಚೂಕಡಿಮೆ ಮಾಡಿ ಸಾರ್. ಮಕ್ಳು ಮರಿ ಇರೋ ಮನೆ."

"ಮಕ್ಕಳು ಮರಿ ಎಲ್ಲಾ ಮನೇಲೂ ಇರುತ್ತೆ. ಶಿಫಾರಸು ನನ್ನ ಹತ್ರ ನಡೆಯಲ್ಲ."

ಗುಲಾಮ್ ರಸೂಲರು ಮೆಟ್ಟಿಲ ಮೇಲೆ ಕುಸಿದು ಕೂತರು. ಧನಲಕ್ಷ್ಮಿ ಓಡಿಹೋಗಿ ನೀರು ತಂದು ಕೊಟ್ಟಳು. ಅವರು ಹೋಗುವ ತನಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಶಿವರಾಮ ಕನ್ನಡಿಯ ಮುಂದೆ ಬಿಲ್ಲೆ ಸರಿಮಾಡಿಕೊಳ್ಳುತ್ತ, "ನೋಡಿದ್ಯಾ ಅಕ್ಕಾ, ಒಂದು ಕಪ್ಪಿಗೆ ಜನ ಹ್ಯಾಗೆ ಜೀವ ಬಿಡ್ತಾರೆ!" ಎಂದ.

ಬಂದ ಹಣ್ಣು ಹಂಪಲನ್ನೆಲ್ಲ ಅವನು ಅಂದೇ ವಾಪಸು ಮಾಡಿದ. ಧನಲಕ್ಷ್ಮಿ ಗೊತ್ತಿಲ್ಲದೆ ಒಂದು ಸೀಬೆಹಣ್ಣು ಕಚ್ಚಿಬಿಟ್ಟಿದ್ದಳು. ಅದಕ್ಕೆ ಬದಲು ಅಂಗಡಿಯಿಂದ ಇನ್ನೊಂದು ಕೊಂಡು ತಂದು ಸೇರಿಸಿ ಕಳಿಸಿದ. ನನ್ನ ತಮ್ಮನ ಪ್ರಾಮಾಣಿಕತೆಯ ಬಗ್ಗೆ ನನಗೆ ಹೆಮ್ಮೆಯೇ ಆಯಿತು. ಆದರೆ ಕೊಡಿಗೇಹಳ್ಳಿಯಲ್ಲಿ ಅದುವರೆಗೂ ಗುಸುಗುಸು ಆಗಿದ್ದದ್ದು ಗಾಬರಿಯಾಗಿ ತಿರುಗಿದ್ದು ಅಲ್ಲಿಂದಲೇ. ತರಕಾರಿ ಗಾಡಿಯ ಹತ್ತಿರ ನನ್ನ ಕಿವಿಗೇ ಬಿತ್ತು.

"ತಗೊಳ್ಳಲ್ಲ ಅಂತಾನಂತೆ ಕಣ್ರೀ!"

"ಏನೂ ತಗೊಳ್ಳಲ್ವಾ?"

"ಸೀಬೆಹಣ್ಣೂ ವಾಪಸ್ ಕಳ್ಸಿದಾನಂತೆ, ಎಣ್ಸಿ."

"ಮುಗೀತು ಬಿಡಿ. ತಗೊಳ್ಳೋನಾದ್ರೆ ಏನಾದ್ರೂ ಮಾಡ್ಬಹುದಿತ್ತು. ಇದು ಮೇಲಿಂದಾನೇ ಬಂದಿರೋ ಆರ್ಡರ್ರು."

ಯಾರ ವಿಷಯವೋ ಅಂದುಕೊಂಡು ನಾನು ಹುರುಳೀಕಾಯಿ ಆರಿಸಿಕೊಂಡು ಬಂದೆ.

ಶನಿವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಂದು ಗೂಡ್ಸ್ ಆಟೋ ಹೋಯಿತು. ಅದರ ಮೇಲೆ ಎರಡು ಗೇಟುಗಳು. ಹಿಂದೆಯೇ ಇನ್ನೊಂದು ಆಟೋ, ಅದರಲ್ಲಿ ಬೇಲಿಯ ಕಂಬಗಳು. ಮೂರನೆಯದರ ಮೇಲೆ ಗುಲಾಮ್ ರಸೂಲರೇ ತಮ್ಮ ಗೇಟನ್ನು ಮಗುವಿನಂತೆ ತಬ್ಬಿಕೊಂಡು ಕೂತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆದೆ. ಆಟೋಗಳೆಲ್ಲ ನಿಂತದ್ದು ವೆಲ್ಡಿಂಗ್ ಹಬೀಬುಲ್ಲಾನ ಅಂಗಡಿಯ ಮುಂದೆ. ಅವನು ಒಂದೊಂದು ಗೇಟಿಗೂ ಬಟ್ಟೆಯ ಚೂರು ಕಟ್ಟಿ ಅದರ ಮೇಲೆ ಮನೆಯವರ ಹೆಸರು ಬರೆಯುತ್ತಿದ್ದ.

"ಏನಪ್ಪಾ ಹಬೀಬುಲ್ಲಾ ಇದು?"

"ಒಡೆಯೋಕೆ ಬರ್ತಾರಲ್ಲ ಅಮ್ಮ, ನಾಳೆ ಹತ್ತು ಗಂಟೆಗೆ. ಕಬ್ಬಿಣಾನಾದ್ರೂ ಉಳ್ಕೊಳ್ಳಲಿ ಅಂತ ಎಲ್ಲಾ ಬಿಚ್ಚಿಸ್ತಿದಾರೆ. ಹದಿಮೂರು ಜಾಗದ್ದೂ ಬಂತು. ಹೆಸ್ರು ಬರೀದಿದ್ರೆ ನಾಳೆ ಯಾರ್ದು ಯಾರಿಗೆ ಅಂತ ಗೊತ್ತಾಗಲ್ಲ, ಪಾಪ." ಅವನು ತಲೆ ಎತ್ತಿ ನನ್ನನ್ನು ನೋಡಿದ. ನೋಡಿ ಸಂಕೋಚದಿಂದ ತಲೆ ಬಗ್ಗಿಸಿದ. "ನಿಮಗೆ ಗೊತ್ತೇ ಇರುತ್ತಲ್ಲ. ಸಾಹೇಬ್ರ ಅಕ್ಕ ನೀವು."

"ಮುನಿಕೃಷ್ಣಮ್ಮನದೂ ಬಿಚ್ಚಿದ್ರಾ?"

"ಬೆಳಗ್ಗೇನೇ ಬಿಚ್ಚಿಕೊಟ್ಟೆ. ತಂತಿಬಲೆ ಸುತ್ತಿ ಅಜ್ಜಿ ಒಳಗಿಟ್ಕೊಂಡ್ರು. ಜಾಗ ರಘುನಾಥ್ ಸಾರ್‌ಗೆ ಕೊಡೋದು ಅಂತ ಆಯ್ತಂತೆ. ನಾಳೆ ಒಂಬತ್ತಕ್ಕೆ ಅಗ್ರಿಮೆಂಟಿಗೆ ಸೈನು."

ಶಿವರಾಮ ಮನೆಯಲ್ಲಿ ಮರುದಿನದ ಭಾಷಣ ಬರೆಯುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ಮೊದಲು ನಕ್ಕ. ಆಮೇಲೆ ಪೇಂಟು ಡಬ್ಬಿಯನ್ನು ನೋಡಿದ. ಆಮೇಲೆ ಭಾಷಣದ ಹಾಳೆ ಮಡಿಸಿದ.

"ಅಕ್ಕಾ... ಗುಲಾಮ್ ರಸೂಲ್‌ಗೆ ನಾನು ಏನಂದೆ?"

"ಹೋಗುತ್ತೆ ಅಂದೆ."

"ಅಯ್ಯೋ ದೇವರೇ."

ನಾವಿಬ್ಬರೂ ಮುನಿಕೃಷ್ಣಮ್ಮನ ಮನೆಗೆ ಓಡಿದೆವು. ಬೀಗ. ಮಾರುವ ಬಗ್ಗೆ ತಂಗಿಯನ್ನು ಕೇಳಿ ಬರಲು ತಿಂಡ್ಲುವಿಗೆ ಹೋಗಿದ್ದಾಳೆ, ಬೆಳಗ್ಗೆ ಬರುತ್ತಾಳೆ ಎಂದರು ಪಕ್ಕದ ಮನೆಯವರು. ತಂಗಿಯ ಮನೆ ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಡಾಕ್ಟರ ಮೊಬೈಲು ಸ್ವಿಚ್ ಆಫ್ ಆಗಿತ್ತು; ಅವರು ಮೈಸೂರಿಗೆ ಹೋಗಿದ್ದಾರೆ ಎಂದರು ಕ್ಲಿನಿಕ್ಕಿನವರು. ಬರುವುದು ಮರುದಿನ ಹತ್ತು ಗಂಟೆಗೇ. ಆಗ ಶಿವರಾಮ ತೀರ್ಪುಗಾರನ ಪ್ರತಿಜ್ಞೆಯನ್ನು ಮುರಿಯಲು ನಿರ್ಧರಿಸಿ, ಬಸ್ ಸ್ಟಾಪಿನ ಟೀ ಅಂಗಡಿಯ ಮುಂದೆ ನಿಂತು ಸತ್ಯವನ್ನು ಸಾರಿಬಿಟ್ಟ. ತಾನು ಯಾವ ಇಲಾಖೆಯವನೂ ಅಲ್ಲ, ಇದು ನಾಯಿಗಳು ಓಡಾಡುವ ಬಯಲಿಗೆ ಬಹುಮಾನ ಕೊಡುವ ಸ್ಪರ್ಧೆ, ಅಷ್ಟೇ.

ಅಲ್ಲೇ ಟೀ ಕುಡಿಯುತ್ತಿದ್ದ ರಘುನಾಥ್ ಲೋಟ ಕೆಳಗಿಟ್ಟ.

"ನಾಯಿ ಆಡೋ ಜಾಗಕ್ಕೆ ಬಹುಮಾನ?"

"ಹೌದು."

"ಕಪ್ಪು?"

"ಹೌದು, ಬೆಳ್ಳಿ ಬಣ್ಣದ್ದು."

"ಸಾರ್, ನಮ್ಮನ್ನೇನು ಕಿವೀಲಿ ಹೂ ಇಟ್ಕೊಂಡೋರು ಅನ್ಕೊಂಡ್ರಾ? ಜನ ಗಲಾಟೆ ಮಾಡ್ತಾರೆ ಅಂತ ಕಥೆ ಕಟ್ತಿದೀರ. ಬೇರೆ ಏನಾದ್ರೂ ಹೇಳಿದ್ರೆ ನಂಬಬಹುದಿತ್ತು."

ನಿಜ ಹೇಳಬೇಕೆಂದರೆ, ಆ ಮಾತು ಅಷ್ಟು ಹೊತ್ತಿಗೆ ನನಗೂ ನಂಬುವ ಹಾಗೆ ಕಾಣಲಿಲ್ಲ. ಯಾರೋ ಹಿಂದಿನಿಂದ, "ಇವ್ರೇ ಸತ್ಯ ಹೇಳ್ತಿಲ್ಲ ಅಂದ್ರೆ ವಿಷಯ ಇನ್ನೂ ದೊಡ್ಡದಿದೆ ಗುರು," ಎಂದರು. ಆ ಸಂಜೆ ನಾಲ್ಕು ಮನೆಯವರು ಕಿಟಕಿಗಳನ್ನೂ ಬಿಚ್ಚಿಸಿದರು. ಅವರಿಗೆ ನಾಯಿಯೂ ಇರಲಿಲ್ಲ, ಬಯಲೂ ಇರಲಿಲ್ಲ.

ಭಾನುವಾರ ಒಂಬತ್ತಕ್ಕೆ ನಾವು ಮುನಿಕೃಷ್ಣಮ್ಮನ ಮನೆ ಸೇರುವಾಗ ಜಗಲಿಯ ಮೇಲೆ ಚಾಪೆ ಹಾಸಿತ್ತು. ರಘುನಾಥ್ ಛಾಪಾ ಕಾಗದ ಹರಡಿಕೊಂಡಿದ್ದ. ನೋಡಲು ಬಂದವರು ಬೇಲಿಯಿಲ್ಲದ ಬಯಲಿನ ತುಂಬ ನಿಂತಿದ್ದರು. ಕಂಬಗಳಿದ್ದ ಕಡೆ ಗುಂಡಿಗಳು ಮಾತ್ರ. ಕಲ್ಲುಕಂಬ ಒಂದೇ ತನ್ನ ಕೆಂಪು ಬಾಣ ಹೊತ್ತುಕೊಂಡು ನಿಂತಿತ್ತು. ಮುನಿಕೃಷ್ಣಮ್ಮ ಪೆನ್ನು ಹಿಡಿದು ಕೂತಿದ್ದಳು.

"ಸೈನ್ ಹಾಕ್ಬೇಡಿ ಅಮ್ಮ!" ಶಿವರಾಮ ಏದುಸಿರು ಬಿಡುತ್ತ ಮುಂದೆ ಹೋದ. "ಯಾರೂ ಒಡೆಯೋಕೆ ಬರಲ್ಲ. ನಾನು ಬಂದಿದ್ದು ಸ್ಪರ್ಧೆಗೆ."

"ಅಜ್ಜಿ, ಇವರ ಮಾತಿಗೆ ನಿಂತ್ರೆ ಹತ್ತು ಗಂಟೆ ಆಗುತ್ತೆ," ಎಂದ ರಘುನಾಥ್. "ಸರ್ಕಾರ ತಗೊಂಡ್ಮೇಲೆ ಕೋರ್ಟು ಕಚೇರಿ ಅಲೆಯೋಕೆ ನಿಮ್ ಕೈಲಾಗುತ್ತಾ? ನನ್ನ ಹೆಸರಿಗಾದ್ರೆ ನಾನು ಅಲೀತೀನಿ."

ಮುನಿಕೃಷ್ಣಮ್ಮ ಶಿವರಾಮನನ್ನು ನೋಡಿದಳು. "ಸಾಮಿ, ನಾಯಿಗೆ ಎಷ್ಟೊತ್ತು ಬೇಕು ಸಾಗ್ಸಕ್ಕೆ ಅಂತ ಕೇಳ್ದೋನು ನೀನೇ ಅಲ್ವಾ? ನಲವತ್ತೈದು ವರ್ಸ ಲೆಕ್ಕಕ್ಕೆ ಬರಕಿಲ್ಲ ಅಂದೋನು?"

ಅವಳು ಪೆನ್ನನ್ನು ಕಾಗದಕ್ಕೆ ಮುಟ್ಟಿಸಿದಳು. ಆಗ ಶಿವರಾಮ ಸಫಾರಿಯ ಒಳಜೇಬಿನಿಂದ ಅಂಕದ ಪುಸ್ತಕ ತೆಗೆದು, ಯಾರಿಗೂ ತೋರಿಸತಕ್ಕದ್ದಲ್ಲ ಎಂದು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ ಆ ಪುಸ್ತಕವನ್ನು, ಛಾಪಾ ಕಾಗದದ ಮೇಲೆಯೇ ತೆರೆದಿಟ್ಟ.

"ಓದಿ ಅಮ್ಮ. ಇದರಲ್ಲಿ ನಾನು ಬರ್ದಿರೋದು ಇಷ್ಟೇ."

ಮುನಿಕೃಷ್ಣಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಬಯಲು ಒಂದು. ಬೇಲಿ ಐದಡಿ ಎರಡಂಗುಲ. ಸಂದು ಮೂರು ಬೆರಳು. ನೀರಿನ ತೊಟ್ಟಿ ತಿಕ್ಕಿ ತೊಳೆದಿದೆ, ಪಾಚಿ ಇಲ್ಲ. ಒಂದು ಕುಂಟು ನಾಯಿಗೆ ಬೇರೆಯಾಗಿ ಗೋಣಿಚೀಲ, ಬಿಸಿಲು ಬಾರದ ಕಡೆ ಹಾಸಿದೆ. ಒಡತಿ ಕೂರುವ ಕಲ್ಲಿಗೆ ನೆರಳಿಲ್ಲ, ನಾಯಿಗಳಿಗಿದೆ."

ಅವಳು ಅಲ್ಲಿಗೆ ನಿಲ್ಲಿಸಿದಳು. ಆ ಕೊನೆಯ ಸಾಲನ್ನು ಇನ್ನೊಮ್ಮೆ, ಈ ಸಲ ಬಾಯೊಳಗೆ, ಓದಿದಳು.

"ಕುಂಟು ಅಂತ ಯಾಕೆ ಬರ್ದೆ? ಅದಕ್ಕೊಂದು ಎಸರಿಲ್ವಾ? ರಾಣಿ."

"ತಪ್ಪಾಯ್ತಮ್ಮ. ತಿದ್ಕೋತೀನಿ."

ಮುನಿಕೃಷ್ಣಮ್ಮ ಪೆನ್ನಿಗೆ ಮುಚ್ಚಳ ಹಾಕಿ ರಘುನಾಥನ ಜೇಬಿಗೆ ತಾನೇ ಸಿಕ್ಕಿಸಿದಳು. "ಎತ್ಕೊ ನಿನ್ನ ಕಾಗ್ದಾನ. ಕಿತ್ಕಳಕ್ಕೆ ಬಂದೋನು ಗೋಣಿಚೀಲ ನೋಡಕಿಲ್ಲ. ಇವನು ಪೆದ್ದ, ಅಷ್ಟೆಯ."

ನನ್ನ ತಮ್ಮನನ್ನು ಯಾರಾದರೂ ಹಾಗೆಂದರೆ ನನಗೆ ಕೋಪ ಬರುತ್ತದೆ. ಅವತ್ತು ಕಣ್ಣಲ್ಲಿ ನೀರು ಬಂತು.

ಹತ್ತು ಗಂಟೆಗೆ ಸರಿಯಾಗಿ, ಬಳಗದವರು ಮೊದಲು ಸೇರಬೇಕೆಂದಿದ್ದ ಈ ಒಂದನೆಯ ಬಯಲಿಗೆ ಎರಡು ವ್ಯಾನುಗಳು ಬಂದು ನಿಂತವು. ಜನ ಹಿಂದಕ್ಕೆ ಸರಿದರು. ಗುಲಾಮ್ ರಸೂಲರು ಕಣ್ಣು ಮುಚ್ಚಿಕೊಂಡರು. ವ್ಯಾನುಗಳ ಹಿಂದೆ ಜೆಸಿಬಿ ಇರಲಿಲ್ಲ. ರಿಬ್ಬನ್ ಕಟ್ಟಿಕೊಂಡ ಹನ್ನೊಂದು ನಾಯಿಗಳು, ಅವುಗಳ ಯಜಮಾನರು, ಒಂದು ಬ್ಯಾನರು, ಕೊನೆಗೆ ಕಪ್ಪು ಹಿಡಿದ ಡಾಕ್ಟರ್ ಆಯೇಷಾ ಇಳಿದರು. ಅವರು ಸುತ್ತ ನೋಡಿದರು. ಮತ್ತೆ ನೋಡಿದರು.

"ಶಿವರಾಮ್ ಅಂಕಲ್, ಬೇಲಿ ಎಲ್ಲಿ?"

"ಮಂಚದ ಕೆಳಗಿದೆ ಮೇಡಂ."

"ಬೇರೆ ಬಯಲುಗಳದ್ದು?"

"ಹಬೀಬುಲ್ಲಾ ಅಂಗಡೀಲಿ."

"ಹದಿಮೂರರದ್ದೂ?"

ಶಿವರಾಮ ತಲೆಯಾಡಿಸಿದ. ಉತ್ತರ ಬೆಂಗಳೂರಿನ ಅತ್ಯಂತ ಭದ್ರವಾದ ಬಯಲನ್ನು ಆರಿಸುವ ಸ್ಪರ್ಧೆಯ ದಿನ, ಕಣಕ್ಕಿಳಿದ ಹದಿಮೂರು ಬಯಲುಗಳಲ್ಲಿ ಒಂದಕ್ಕೂ ಬೇಲಿಯಿರಲಿಲ್ಲ. ಬೇಲಿಯಿಲ್ಲದ್ದಕ್ಕೆ ಕಪ್ಪು ಕೊಡುವಂತಿಲ್ಲ, ನಾಲ್ಕು ಗಂಟೆಯವರೆಗೆ ಕಾಯುತ್ತೇನೆ, ಎಂದರು ಡಾಕ್ಟರ್. ಅಷ್ಟು ಹೇಳುವಾಗ ಅವರು ನಗು ತಡೆಯಲು ಪಟ್ಟ ಕಷ್ಟ, ಅವರ ಸೌಜನ್ಯ, ನಾನು ಮರೆಯಲಾರೆ.

ಆಮೇಲಿನದು ಒಂದು ಜಾತ್ರೆಯೇ. ಹೆಸರು ಕಟ್ಟಿದ್ದರಿಂದ ಒಂದು ಗೇಟೂ ಅದಲುಬದಲಾಗಲಿಲ್ಲ. ಹಬೀಬುಲ್ಲಾ ಬಿಚ್ಚುವಾಗ ತೆಗೆದುಕೊಂಡದ್ದನ್ನೇ ಸಾಕೆಂದು, ಕೂಡಿಸುವುದಕ್ಕೆ ಏನೂ ಬೇಡವೆಂದುಬಿಟ್ಟ. ಶಿವರಾಮ ಸಫಾರಿಯ ತೋಳು ಮಡಿಸಿ ಗುಂಡಿಗಳ ಮಣ್ಣು ತೆಗೆದ. ಗುಲಾಮ್ ರಸೂಲರು ತಮ್ಮ ಬೇಲಿಗೆ ಮೂರಂಗುಲ ಹೆಚ್ಚಿಗೆ ತಂತಿ ಹಾಕಿಸಿ, ಐದಡಿ ಆಯಿತೆಂದು ನನಗೆ ಹೇಳಿಕಳಿಸಿದರು. ಮೆಲ್ಲಗೆ ಜಾರಿಕೊಳ್ಳುತ್ತಿದ್ದ ರಘುನಾಥನನ್ನು ಮುನಿಕೃಷ್ಣಮ್ಮ, "ಎಲ್ಲೋಯ್ತೀಯ, ಈ ಕಂಬ ಇಡ್ಕ," ಎಂದು ನಿಲ್ಲಿಸಿದಳು. ಅವನು ಮೂರು ಗಂಟೆಯವರೆಗೆ ಕಂಬ ಹಿಡಿದುಕೊಂಡೇ ಇದ್ದ.

ನಾಲ್ಕಕ್ಕೆ ಡಾಕ್ಟರ್ ಬೇಲಿಯನ್ನು ಒಂದು ಸುತ್ತು ನೋಡಿ ಬಂದು ಪುಸ್ತಕ ಓದಿದರು. ತೊಂಬತ್ತಾರು ಅಂಕ, ಮೊದಲನೆಯ ಬಹುಮಾನ, ಮುನಿಕೃಷ್ಣಮ್ಮ. ಜನ ಚಪ್ಪಾಳೆ ತಟ್ಟಿದರು, ನಾಯಿಗಳು ಬೊಗಳಿದವು. ಮುನಿಕೃಷ್ಣಮ್ಮ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಶಿವರಾಮನ ಹತ್ತಿರ ಬಂದಳು.

"ಮಿಕ್ಕ ನಾಲ್ಕು ಏನಾಯ್ತು?"

"ಗೇಟಿನ ಚಿಲಕ ಅಮ್ಮ," ಎಂದ ಶಿವರಾಮ. ದಿನವೆಲ್ಲ ಬೈಸಿಕೊಂಡರೂ ಅವನೊಳಗಿನ ತೀರ್ಪುಗಾರ ಇನ್ನೂ ಸತ್ತಿರಲಿಲ್ಲ. "ಸಡಿಲ ಇದೆ. ಒಳಗಿಂದ ಒಂದು ಸಲ ತಳ್ಳಿದ್ರೆ ಬಿಚ್ಕೊಳ್ಳುತ್ತೆ."

"ಅಂಗಾ? ಎಲ್ಲಿ, ಒಳಗೋಗಿ ತಳ್ಳು ನೋಡಾಣ."

ಅವನು ಒಳಗೆ ಹೋದ. ಹನ್ನೊಂದು ನಾಯಿಗಳೂ ರಾಣಿಯೂ ಒಳಗೇ ಇದ್ದವು. ಮುನಿಕೃಷ್ಣಮ್ಮ ಹೊರಗಿನಿಂದ ಚಿಲಕ ಹಾಕಿದಳು. ಶಿವರಾಮ ಒಂದು ಸಲ ತಳ್ಳಿದ. ಎರಡು ಸಲ ತಳ್ಳಿದ. ಭುಜ ಕೊಟ್ಟು ತಳ್ಳಿದ. ನಾಯಿಗಳು ಇದೊಂದು ಹೊಸ ಆಟವೆಂದು ತಿಳಿದು ಅವನ ಸುತ್ತ ಸೇರಿದವು. ಒಂದು ಅವನ ಸಫಾರಿಯ ಅಂಚನ್ನು ಮೃದುವಾಗಿ ಬಾಯಲ್ಲಿ ಹಿಡಿದುಕೊಂಡಿತು.

"ಅಮ್ಮಾ, ತೆಗೀರಿ!"

"ತಳ್ಳು ಸಾಮಿ, ತಳ್ಳು. ಆತುರ ಏನಿಲ್ಲ." ಅವಳು ನೆರಳಿಲ್ಲದ ತನ್ನ ಕಲ್ಲಿನ ಮೇಲೆ ಕೂತು ಎಲ್ಲರಿಗೂ ಟೀ ಬಗ್ಗಿಸತೊಡಗಿದಳು. ಮೊದಲನೆಯ ಲೋಟ ರಘುನಾಥನಿಗೆ, ಕಂಬ ಹಿಡಿದು ದಣಿದಿದ್ದಾನೆಂದು. ಎರಡನೆಯದು ನನಗೆ. ನಾನು ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಬೇಲಿಯ ಒಳಗಿನಿಂದ ನನ್ನ ತಮ್ಮನ ದನಿ ಇಡೀ ಬೀದಿಗೆ ಕೇಳಿಸಿತು.

"ಡಾಕ್ಟ್ರೇ, ಪುಸ್ತಕದಲ್ಲಿ ತಿದ್ದಿ! ನೂರಕ್ಕೆ ನೂರು!"